ವಿಳಾಸದಾರ ಊರಲ್ಲಿಲ್ಲ

ದೋರನಹಳ್ಳಿ
೬ ನವೆಂಬರ್ ೨೦೨೩

ತಮ್ಮ ಜೈಭೀಮನಿಗೆ,

ನಿನ್ನ ಹೆಸರೇ ಒಂದು ನಮಸ್ಕಾರ, ಅದಕ್ಕೇ ಬೇರೆ ನಮಸ್ಕಾರ ಬರೆಯುವುದಿಲ್ಲ. ಅಪ್ಪನೂ ನಿನಗೆ ಹೀಗೇ ಬರೆಯುತ್ತಿದ್ದ.

ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಕಟ್ ಮಾಡುತ್ತೀ. ಕಾಗದವನ್ನಾದರೆ ಮುಗಿಯುವ ತನಕ ಓದಬೇಕಾಗುತ್ತದೆ. ಓದದೆ ಹರಿದರೂ ನನಗೆ ಗೊತ್ತಾಗುವುದಿಲ್ಲ, ಅದೂ ಒಳ್ಳೆಯದೇ.

ನೀನು ಭತ್ತ ಕಟಾವಿನ ಮಷಿನ್ ಹಿಂದೆ ವಾಪಸ್ ಹೋಗಿ ಒಂಬತ್ತು ದಿನವಾಯಿತು. ಅಪ್ಪನನ್ನು ಮಣ್ಣು ಮಾಡಿದ ಮರುದಿನ ಬಂದೆ, ಹದಿನೈದು ದಿನ ಇದ್ದೆ, ಅದರಲ್ಲಿ ಹತ್ತು ದಿನ ಮನೆಯಲ್ಲೇ ಇರಲಿಲ್ಲ. ಎಲ್ಲಿಗೆ ಹೋಗಿದ್ದಿ ಅಂದರೆ ಶಹಾಪುರ ಅಂದೆ. ಹತ್ತು ದಿನ ನೋಡುವಂಥದ್ದು ಶಹಾಪುರದಲ್ಲಿ ಏನಿದೆಯೋ ನನಗಂತೂ ಕಂಡಿಲ್ಲ.

ನಾನು ಇನ್ನೂ ಅತ್ತಿಲ್ಲ. ಅಳು ಬರುತ್ತಿಲ್ಲ ಅಂತ ಹೇಳಿದರೆ ಅವ್ವ ನನ್ನ ಮುಖ ನೋಡುತ್ತಾಳೆ. ಅಪ್ಪ ಹೋದ ದಿನ ಬೆಳಿಗ್ಗೆ ಅಂಚೆಮೊಹರಿನ ತಾರೀಖು ತಿರುವಿಟ್ಟಿದ್ದೆ. ಆಮೇಲೆ ಮೂರು ದಿನ ಯಾರೂ ತಿರುವಲಿಲ್ಲ. ಇಡೀ ಊರಿಗೆ ಮೂರು ದಿನ ಹನ್ನೆರಡನೆಯ ತಾರೀಖೇ ಇತ್ತು.

ಈಗ ವಿಷಯ. ಮೂವತ್ತೊಂದು ವರ್ಷ ಅಪ್ಪ ಹೊತ್ತ ಟಪಾಲು ಚೀಲದ ಜಾಗ ಖಾಲಿ ಬಿದ್ದಿದೆ. ಅಪ್ಪನ ಕಾಲು ಸೋತ ಮೇಲೆ ಎರಡು ವರ್ಷದಿಂದ ಬದಲಿಯಾಗಿ ನಾನೇ ಹೊರುತ್ತಿದ್ದೇನೆ, ಈಗಲೂ ಹೊರುತ್ತಿದ್ದೇನೆ. ಆದರೆ ಬದಲಿ ಅಂದರೆ ಬದಲಿ. ಶಹಾಪುರದಿಂದ ಅಂಚೆ ಇನ್ಸ್‌ಪೆಕ್ಟರ್ ಜಲಾಲುದ್ದೀನ ಸಾಹೇಬರು ಬಂದಿದ್ದರು. "ಶ್ರೀಮಂತಪ್ಪನ ಜಾಗಾಕ್ಕ ಮನಿಯವರೊಬ್ಬರು ಅರ್ಜಿ ಹಾಕ್ರಿ. ಉಳಿದವರು ತಕರಾರಿಲ್ಲಂತ ಬರದು ಕೊಡ್ಬೇಕು. ಮಾರ್ಚ್ ಒಳಗ ಆಗ್ಬೇಕು ನೋಡವ್ವಾ" ಅಂದರು. ಅವರು ಚಹಾ ಕುಡಿದು ಲೋಟ ಇಡುವ ಮೊದಲೇ ಅವ್ವ ನಿನ್ನ ಹೆಸರು ಹೇಳಿದಳು.

ನೀನು ಬಾ. ಅನುಕಂಪದ ನೌಕರಿ ಎರಡು ಸಲ ಬಾಗಿಲಿಗೆ ಬರುವುದಿಲ್ಲ. ಮಷಿನ್ ಮೇಲೆ ನಿನಗೆ ಊರಿಲ್ಲ, ಹಾಸಿಗೆಯಿಲ್ಲ, ಕೈ ಸಿಕ್ಕಿಕೊಂಡರೆ ಕೇಳುವವರಿಲ್ಲ. ನನ್ನ ತಕರಾರಿಲ್ಲ ಅಂತ ನಾನು ಇವತ್ತೇ ಬರೆದುಕೊಡುತ್ತೇನೆ.

ಉತ್ತರ ಕಾಯುವ,
ಅಕ್ಕ ಪರಿಮಳಾ


ಮಿರಿಯಾಲಗೂಡ
೨೪ ನವೆಂಬರ್ ೨೦೨೩

ಅಕ್ಕಾಗ,

ನಿನ್ನ ಕಾಗದ ಅಕ್ಕಿ ಮಿಲ್ಲಿನ ಗುಮಾಸ್ತ ಕೊಟ್ಟ. "ಈಗೂ ಕಾಗದ ಬರೀತಾರೇನಯ್ಯಾ" ಅಂತ ನಕ್ಕ. ನಮ್ಮಪ್ಪ ಪೋಸ್ಟಿನವ ಅಂದೆ. ಇದ್ದ ಅನ್ನಬೇಕಿತ್ತು, ಬಾಯಿಗಿ ಬರಲಿಲ್ಲ.

ನಂಗೂ ಅಳು ಬಂದಿಲ್ಲ. ಮಷಿನ್ ಸಪ್ಪಳದಾಗ ಏನೂ ಬರೂದಿಲ್ಲ. ಮುಂಜಾನಿ ಹತ್ತಿ ಕುಂತ್ರ ಸಂಜೀಗಿ ಇಳೀತೇನಿ, ಕಿವ್ಯಾಗ ಹೊಟ್ಟು, ಮೂಗಿನ್ಯಾಗ ಹೊಟ್ಟು. ಆದ್ರ ಅಕ್ಕಾ, ಮ್ಯಾಲ ಕುಂತು ನೋಡಿದ್ರ ಗದ್ದಿ ಮುಗಿಯೂದೇ ಕಾಣೂದಿಲ್ಲ. ಹುಣಸಗಿ ಕಾಲುವಿ ಮಗ್ಗಲ ಮೊದಲನೇ ಸಲ ಈ ಮಷಿನ್ ಹತ್ತಿದಾಗ ಏನ್ ಅನಿಸಿತ್ತೋ ಇವತ್ತೂ ಅದೇ ಅನಿಸ್ತದ. ಬೆಳಿ ಎಲ್ಲಿ ಹಣ್ಣಾಗ್ತದ ಅಲ್ಲಿಗಿ ನಾವು. ತೆಲುಗು ಬಂತು, ಒಡಿಯಾದಾಗ ಬೈಯಾಕ ಬಂತು. ಒಂದೇ ಊರಾಗ ಹತ್ತು ದಿನ ಇದ್ರ ನಂಗ ಅಂಗಾಲು ಉರೀತಾವ. ಇದು ರೋಗ ಅನ್ನು ಬೇಕಾದ್ರ.

ಅಪ್ಪನ ಚೀಲ ನಂಗ ಬ್ಯಾಡ. ಅಂವ ಮೂವತ್ತೊಂದು ವರ್ಷ ದೂರದ ಊರಿನ ಕಾಗದ ಹಂಚಿದ, ತಾನು ಹೋಗಿದ್ದು ಒಂದೇ ಸಲ, ನಾಗಪುರ. ಆ ಒಂದು ನಾಗಪುರ ಎಷ್ಟು ವರ್ಷ ಹೇಳಿದ ನೆನಪದ ಅಲ್ಲ? ರೈಲಿನ್ಯಾಗ ಯಾರ ಪಕ್ಕ ಕುಂತಿದ್ದ ಅನ್ನೂದು ಸುದ್ದಾ.

ಇನ್ನೊಂದು. ಶಹಾಪುರಕ್ಕ ಹೋಗಿದ್ದೆ ಅಂದದ್ದು ಸುಳ್ಳು. ನಮ್ಮ ತಂಡದ ಮೇಸ್ತ್ರಿ ಬಾಷುಮಿಯಾ ಕಲಬುರಗಿಗೆ ಕರ್ಕೊಂಡು ಹೋಗಿ ಪಾಸ್‌ಪೋರ್ಟಿಗೆ ಹಾಕಿಸ್ಯಾನ. ಪೊಲೀಸ್ ಠಾಣೆದಾಗೂ ಸೈ ಮಾಡಿ ಬಂದೇನಿ. ತಾಂಜಾನಿಯಾ ಅಂತ ಒಂದು ದೇಶ ಅದ, ಅಲ್ಲೂ ಭತ್ತ ಬೆಳೀತಾರಂತ. ಮಾಲಕ ಅಲ್ಲಿ ಎರಡು ಮಷಿನ್ ಇಟ್ಟಾನ. ನಾಲ್ಕು ಮಂದಿ ಡ್ರೈವರ್ ಬೇಕು, ನಾಲ್ಕನೇದಾಂವ ನಾನು. ಜನವರಿ ಕಡೀಕ ಹೋಗೂದು. ಪಾಸ್‌ಪೋರ್ಟ್ ಊರಿಗೇ ಬರ್ತದ, ನಿನ್ನ ಕೈಯಾಗೇ ಬರ್ತದ. ಬಂದ ಕೂಡ್ಲೇ ಫೋನ್ ಮಾಡು, ಬಂದು ಒಯ್ತೇನಿ. ಇದೊಂದು ಫೋನ್ ಕಟ್ ಮಾಡೂದಿಲ್ಲ.

ಅವ್ವಗ ಇನ್ನಾ ಹೇಳಬ್ಯಾಡ.

ನಿನ್ನ ತಮ್ಮ,
ಜೈಭೀಮ


ದೋರನಹಳ್ಳಿ
೫ ಡಿಸೆಂಬರ್ ೨೦೨೩

ತಮ್ಮಾ,

ನೀನು ಬರೆಯುವುದು ಎದುರಿಗೆ ಕೂತು ಮಾತಾಡಿದ ಹಾಗೇ ಇರುತ್ತದೆ. ಹೈಸ್ಕೂಲಿನ ಕನ್ನಡ ಮಾಸ್ತರರು ನೋಡಿದ್ದರೆ ಕಿವಿ ಹಿಂಡುತ್ತಿದ್ದರು.

ತಾಂಜಾನಿಯಾ ಎಲ್ಲಿದೆ ಅಂತ ಶಾಲೆಯ ಗೋಡೆಯ ನಕ್ಷೆಯಲ್ಲಿ ನೋಡಿದೆ. ಟಪಾಲು ಕೊಡಲು ಹೋದವಳು ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ನಡುವೆ ಬರೀ ನೀಲಿ. ಹೆಡ್‌ಮಾಸ್ತರರು ಏನು ಹುಡುಕುತ್ತೀ ಅಂದರು, ಏನಿಲ್ಲ ಅಂದೆ.

ಅವ್ವನಿಗೆ ಹೇಳಿಲ್ಲ. ಅವಳು ಸುರಪುರದ ಮಾವನ ಮನೆಗೆ ಹೋಗಿ ನಿನಗೆ ಹೆಣ್ಣು ಕೇಳಿ ಬಂದಿದ್ದಾಳೆ. "ಪೋಸ್ಟಿನ್ಯಾಗ ನೌಕರಿ ಆಗ್ತದ ನನ್ನ ಮಗಂದು" ಅಂತ ಹೇಳಿದಳಂತೆ. ಆಗದ ನೌಕರಿಗೆ ಬಾರದ ವರ. ನಾನು ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡೆ. ನನಗೂ ಮೂವತ್ತೆರಡು ಅನ್ನುವುದು ಆ ಮನೆಯಲ್ಲಿ ಯಾರ ನೆನಪಿಗೂ ಬಂದಂತಿಲ್ಲ. ಸಿಟ್ಟೇನೂ ಇಲ್ಲ, ಸುಮ್ಮನೆ ಬರೆದೆ.

ಶಹಾಪುರದ ಶಾಯಿಸ್ತಾ ಗೊತ್ತಲ್ಲ, ನನ್ನ ಜೊತೆ ಪಿಯುಸಿ ಓದಿದವಳು. ಮಾಲ್ಡೀವ್ಸಿನ ಒಂದು ದ್ವೀಪದಲ್ಲಿ ಆಸ್ಪತ್ರೆಯ ಆಯಾ ಆಗಿದ್ದಾಳೆ. ಅರ್ಧ ತಾಸಿನಲ್ಲಿ ಇಡೀ ಊರು ಸುತ್ತಿ ಬರಬಹುದಂತೆ, ಎತ್ತ ನಡೆದರೂ ಕಡೆಗೆ ನೀರೇ ಅಂತೆ. ನಾನು ದಿನಾ ಎರಡು ತಾಂಡಾ, ವಲಸೆ ರೈತರ ಒಂದು ಕ್ಯಾಂಪು, ಊರು ಅಂತ ಅದಕ್ಕಿಂತ ನಾಲ್ಕು ಪಟ್ಟು ನಡೆಯುತ್ತೇನೆ, ಕಡೆಗೆ ಸಿಗುವುದು ನಮ್ಮ ಮನೆಯೇ. ಇದೂ ಸುಮ್ಮನೆ ಬರೆದೆ.

ನಿನ್ನ ಪಾಸ್‌ಪೋರ್ಟ್ ಬಂದರೆ ತಿಳಿಸುತ್ತೇನೆ. ಮಾರ್ಚ್ ಮರೆಯಬೇಡ.

ಪರಿಮಳಾ


ಸಂಬಲಪುರ ಸಮೀಪ
೨೭ ಡಿಸೆಂಬರ್ ೨೦೨೩

ಅಕ್ಕಾ,

ಮೂರು ಮಂದೀದೂ ಪಾಸ್‌ಪೋರ್ಟ್ ಬಂದಾವ. ಒಬ್ಬನದು ನನ್ನಕಿಂತ ಎಂಟು ದಿನ ತಡಾ ಮಾಡಿ ಹಾಕಿದ್ದು, ಅದೂ ಬಂದದ. ನಂದು ಬಂತೇನು? ಜನವರಿ ಹತ್ತರೊಳಗ ಕೊಡಬೇಕು, ಇಲ್ಲಾಂದ್ರ ವೀಸಾ ಆಗೂದಿಲ್ಲ ಅಂತಾನ ಬಾಷುಮಿಯಾ. ಫೋನ್ ಹಚ್ಚಿದ್ರ ನೀ ಎತ್ತವಲ್ಲಿ. ಅದಕ್ಕ ಈ ಕಾರ್ಡು.

ಜೈಭೀಮ


ದೋರನಹಳ್ಳಿ
೪ ಜನವರಿ ೨೦೨೪

ತಮ್ಮಾ,

ಬಂದಿಲ್ಲ.

ಈ ಸಲ ಚಳಿ ಜಾಸ್ತಿ. ತೊಗರಿ ರಾಶಿ ನಡೆದಿದೆ, ಹಾದಿಯ ಮೇಲೆಲ್ಲಾ ಕಟ್ಟಿಗೆ. ಅವ್ವನ ಕಣ್ಣಿಗೆ ಯಾದಗಿರಿಯಲ್ಲಿ ತೋರಿಸಿದೆ, ಪೊರೆ ಬಂದಿದೆಯಂತೆ, ಅವಸರವಿಲ್ಲವಂತೆ. ಬಸ್ಸಿಗೆ ಎರಡು ತಾಸು ಇತ್ತು, ರೈಲು ನೋಡೋಣ ಅಂತ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಮುಂಬೈ ಕಡೆಯದು ಒಂದು ಬಂತು, ಎರಡು ನಿಮಿಷ ನಿಂತು ಹೋಯಿತು. ಅವ್ವ "ಎಷ್ಟ್ ಮಂದಿ ಹೊಂಟಾರ ನೋಡವ್ವಾ, ಎಲ್ಲಿಗಿ ಹೋಗ್ತಾರೋ ಏನೋ" ಅಂದಳು. ಕಡ್ಲಿ ತಿಂದು ವಾಪಸ್ ಬಂದೆವು.

ಜಲಾಲುದ್ದೀನ ಸಾಹೇಬರು ಮತ್ತೆ ಕೇಳಿದರು.

ಪರಿಮಳಾ


ಸಂಬಲಪುರ ಸಮೀಪ
೨ ಫೆಬ್ರವರಿ ೨೦೨೪

ಅಕ್ಕಾ,

ಅವರು ಮೊನ್ನೆ ಹೋದ್ರು. ನನ್ನ ಜಾಗಾಕ್ಕ ಸಿಂಧನೂರಿನಾಂವ ಒಬ್ಬ ಹೋದ. ರೈಲ್ವೆ ಸ್ಟೇಷನ್ನಿಗೆ ನಾನೇ ಚೀಲ ಹೊತ್ತು ಹೋಗಿ ಹತ್ತಿಸಿ ಬಂದೆ. ಕೈ ಮಾಡಿದ್ರು, ನಾನೂ ಮಾಡಿದೆ. ಬಂದು ಮಷಿನ್ನಿನ ಬ್ಲೇಡಿಗಿ ಎಣ್ಣಿ ಹಾಕಿದೆ.

ನಿನ್ನೆ ಇಲ್ಲಿನ ಅಕ್ಕಿ ಮಿಲ್ಲಿನ ಹುಡುಗಿ ಕಂಪ್ಯೂಟರಿನ್ಯಾಗ ನನ್ನ ಪಾಸ್‌ಪೋರ್ಟಿನ ಸ್ಪೀಡ್ ಪೋಸ್ಟ್ ನಂಬರ್ ಹಾಕಿ ನೋಡಿದಳು. ಓದಿ ಹೇಳಿದಳು. ದೋರನಹಳ್ಳಿಗಿ ಬಂದದ್ದು ಡಿಸೆಂಬರ್ ಹದಿಮೂರು. ವಾಪಸ್ ಹೋಗಿದ್ದು ಇಪ್ಪತ್ತು. ಕಾರಣ: ವಿಳಾಸದಾರ ಊರಲ್ಲಿಲ್ಲ.

ಏಳು ದಿನ ನಿನ್ನ ಚೀಲದಾಗ ಇತ್ತಲ್ಲ ಅಕ್ಕಾ. ನಾ ಕಾರ್ಡ್ ಬರದಾಗ ಅದು ಹೋಗಿ ವಾರ ಆಗಿತ್ತು. "ಬಂದಿಲ್ಲ" ಅಂತ ಬರದಿ.

ನೌಕರಿಗಿ ಕೂಡಸಬೇಕಂತ ಮಾಡಿದೇನು? ಹೂಂ ಅಂತಾದ್ರೂ ಬರಿ.

ಜೈಭೀಮ


ದೋರನಹಳ್ಳಿ
೧೧ ಫೆಬ್ರವರಿ ೨೦೨೪

ಜೈಭೀಮ,

ಹೂಂ.

ಹದಿಮೂರನೆಯ ತಾರೀಖು ಬುಧವಾರ ಬಂತು. ಕಂದು ಲಕೋಟೆ, ನಿನ್ನ ಹೆಸರು. ಪಾಸ್‌ಪೋರ್ಟನ್ನು ವಿಳಾಸದಾರನ ಕೈಗೇ ಕೊಡಬೇಕು, ಮನೆಯವರಿಗೂ ಕೊಡುವ ಹಾಗಿಲ್ಲ. ಸಿಗದಿದ್ದರೆ ಏಳು ದಿನ ಇಟ್ಟುಕೊಂಡು ವಾಪಸ್ ಮಾಡಬೇಕು. ನಿಯಮ ಅಷ್ಟೇ. ಫೋನ್ ಮಾಡಿ ಕರೆಯಬೇಕು ಅಂತ ಯಾವ ನಿಯಮವೂ ಹೇಳುವುದಿಲ್ಲ. ನಾನು ಮಾಡಲಿಲ್ಲ. ಲಕೋಟೆಯ ಮೇಲೆ ಬರೆದದ್ದು ಸುಳ್ಳೂ ಅಲ್ಲ, ನೀನು ಊರಲ್ಲಿರಲಿಲ್ಲ. ಯಾರು ಬಂದು ಕೇಳಿದರೂ ನನ್ನದು ತಪ್ಪಿಲ್ಲ. ಇದನ್ನೇ ಏಳು ದಿನವೂ ನನಗೆ ನಾನು ಹೇಳಿಕೊಂಡೆ.

ಅಪ್ಪ ಹೀಗೆ ಮಾಡುತ್ತಿರಲಿಲ್ಲ. ದುಡಿಯಲು ಪುಣೆಗೆ ಹೋದವರ ರಿಜಿಸ್ಟರ್ ಬಂದರೆ ಅವರ ಬೀಗರ ಊರಿಗೆ ಸೈಕಲ್ ತುಳಿದು ಹೇಳಿ ಬರುತ್ತಿದ್ದ. "ಕಾಗದ ಬಂತಂದ್ರ ಮನುಷ್ಯಾ ಬಂದಂಗ, ಹೊರಗ ನಿಂದರಸಬಾರ್ದು" ಅನ್ನುತ್ತಿದ್ದ. ಅಪ್ಪನದೇ ಕೆಂಪು ಪೆನ್ನಿನಿಂದ ಬರೆದು ನಿನ್ನನ್ನು ವಾಪಸ್ ಕಳಿಸಿದೆ.

ನಿನ್ನನ್ನು ನೌಕರಿಗೆ ಕೂಡಿಸಬೇಕು, ನೀನು ಭದ್ರವಾಗಿರಬೇಕು, ಅದಕ್ಕೇ ಮಾಡಿದೆ ಅಂತ ಬರೆಯಲು ಕೂತೆ. ಎರಡು ಇನ್‌ಲ್ಯಾಂಡ್ ಹಾಳು ಮಾಡಿದೆ. ಅದು ಅರ್ಧ ಮಾತ್ರ ಖರೆ.

ಇನ್ನರ್ಧ ಕೇಳು. ಶಾಯಿಸ್ತಾಳ ಆಸ್ಪತ್ರೆಯ ಅಡಿಗೆಮನೆಗೆ ಒಬ್ಬಳು ಬೇಕಂತೆ. ಜೂನ್ ಒಳಗೆ ಬಾ, ನಾನು ಮಾತಾಡಿದ್ದೇನೆ ಅಂತ ಅಕ್ಟೋಬರಿನಲ್ಲೇ ಹೇಳಿದ್ದಳು, ಅಪ್ಪ ಇರುವಾಗಲೇ. ನಾನು ಹೂಂ ಅಂದಿದ್ದೆ. ಅಪ್ಪನಿಗೂ ಹೇಳಿರಲಿಲ್ಲ, ನಿನಗೂ ಹೇಳಲಿಲ್ಲ. ನೀನು ಬಂದು ಚೀಲ ತೆಗೆದುಕೊಂಡರೆ ಅವ್ವನ ಹತ್ತಿರ ಒಬ್ಬರು ಇದ್ದ ಹಾಗಾಗುತ್ತದೆ, ನಾನು ಹೋಗಬಹುದು. ನೀನು ತಾಂಜಾನಿಯಾಕ್ಕೆ ಹೋದರೆ ನಾನು ಇಲ್ಲೇ. ಲಕೋಟೆ ಕೈಯಲ್ಲಿ ಹಿಡಿದಾಗ ನನಗೆ ಹೊಳೆದದ್ದು ನಿನ್ನ ಕೈ ಮಷಿನ್ನಿಗೆ ಸಿಕ್ಕೀತು ಅಂತಲ್ಲ. ಇಬ್ಬರಲ್ಲಿ ಒಬ್ಬರೇ ಹೋಗಬಹುದು, ನಾನೇ ಯಾಕೆ ಆಗಬಾರದು ಅಂತ.

ನಿನಗೆ ಹಾಸಿಗೆಯಿಲ್ಲ, ಊರಿಲ್ಲ ಅಂತ ಬರೆದೆನಲ್ಲ, ಆ ಹಾಸಿಗೆ ಊರು ನನಗೇ ಬೇಡವಾಗಿದ್ದವು. ನನಗೆ ಬೇಡವಾದದ್ದನ್ನು ನಿನಗೆ ಒಳ್ಳೆಯದು ಅಂತ ಕಟ್ಟಲು ನೋಡಿದೆ. ನಾಚಿಕೆ ಆಗಬೇಕು. ಆಗುತ್ತದೆ ಅಂತ ಕಾಯುತ್ತಿದ್ದೇನೆ. ಬೆಳಿಗ್ಗೆ ಎದ್ದು ತಾರೀಖು ತಿರುವುತ್ತೇನೆ, ನಡೆಯುತ್ತೇನೆ, ಬರುತ್ತೇನೆ. ಏನೂ ಅನಿಸುತ್ತಿಲ್ಲ.

ಬೈಯಬೇಕಾದರೆ ಬೈ. ಫೋನ್ ಮಾಡು, ಎತ್ತುತ್ತೇನೆ.

ಪರಿಮಳಾ


ದೋರನಹಳ್ಳಿ
೯ ಮಾರ್ಚ್ ೨೦೨೪

ತಮ್ಮಾ,

ನಿನ್ನಿಂದ ಕಾಗದವಿಲ್ಲ. ಮಿಲ್ಲಿಗೆ ಫೋನ್ ಮಾಡಿದ್ದೆ, ಬೇರೆ ಕಡೆ ಹೋಗಿದ್ದಾನೆ, ಕಾಗದ ಬಂದರೆ ತಲುಪಿಸುತ್ತೇವೆ ಅಂದರು. ಊಟ ಮಾಡುತ್ತೀ ಅಂತ ತಿಳಿದುಕೊಂಡಿದ್ದೇನೆ.

ಅವ್ವನಿಗೆ ಎಲ್ಲಾ ಹೇಳಿದೆ. ಅವಳು ಬೈಯಲಿಲ್ಲ. "ಇಬ್ಬರೂ ಹೋಗವರೇ ಇದ್ರೇನು?" ಅಂದಳು. ಆಮೇಲೆ ಎದ್ದು ಪುಂಡಿಪಲ್ಯ ಸೋಸಿದಳು.

ಸಾಹೇಬರು ಇನ್ನೆರಡು ವಾರ ಅಂದಿದ್ದಾರೆ. ಯಾರೂ ಅರ್ಜಿ ಹಾಕದಿದ್ದರೆ ಜಾಗ ಬೇರೆಯವರಿಗೆ. ನಾನು ಇನ್ನು ಬಾ ಅನ್ನುವುದಿಲ್ಲ.

ಪರಿಮಳಾ


ಸಿಂಧನೂರು
೧೮ ಮಾರ್ಚ್ ೨೦೨೪

ಅಕ್ಕಾಗ,

ಸಿಟ್ಟು ಬರಲಿ, ಬಂದಮ್ಯಾಲ ಬರೀಬೇಕಂತ ಕಾದೆ. ಬರವಲ್ದು. ಅದಕ್ಕ ಹಂಗೇ ಬರಿಯಾಕತ್ತೇನಿ.

ನೀ ಮೊದಲೇ "ನಾನೂ ಹೋಗ್ಬೇಕೋ ತಮ್ಮಾ" ಅಂದಿದ್ರ ಏನ್ ಮಾಡ್ತಿದ್ದೆನೋ ಗೊತ್ತಿಲ್ಲ. ಬರ್ತಿದ್ದೆ ಅಂತ ಅನ್ನೂದಿಲ್ಲ, ಸುಳ್ಳಾಗ್ತದ. ಆದ್ರ ಇಬ್ಬರೂ ಕುಂತು ಜಗಳಾನಾದ್ರೂ ಮಾಡ್ತಿದ್ವಿ.

ಪಾಸ್‌ಪೋರ್ಟ್ ಕಚೇರಿಗಿ ನಾನೇ ಹೋಗಿ ಕೈಯಾಗ ಇಸ್ಕೊಂಡೇನಿ. ಲಕೋಟಿ ಮ್ಯಾಲ ನಿನ್ನ ಅಕ್ಷರ ಇತ್ತು. ಅಪ್ಪನ ಅಕ್ಷರದಂಗೇ ಬರೀತಿ ನೀ, ಇಷ್ಟು ದಿನ ನೋಡಿರಲಿಲ್ಲ. ಬಾಷುಮಿಯಾ ಆಗಸ್ಟ್ ತಂಡದಾಗ ಕರೀತೇನಿ ಅಂದಾನ. ಹೋಗ್ತೇನಿ.

ಇದರ ಜೋಡಿ ಬಾಂಡ್ ಪೇಪರ್ ಅದ. ತಂದೆಯ ಸ್ಥಾನಕ್ಕೆ ನನ್ನ ಅಕ್ಕ ಪರಿಮಳಾ ಇವರನ್ನು ತೆಗೆದುಕೊಳ್ಳಲು ನನ್ನದು ಯಾವ ತಕರಾರೂ ಇಲ್ಲ ಅಂತ ವಕೀಲರ ಕಡಿಂದ ಬರಸಿ ಸೈ ಮಾಡೇನಿ. ನಿಂಗ ಒಳ್ಳೇದಾಗಲಿ ಅಂತ ಮಾಡೇನೋ, ಸೇಡಿಗಿ ಮಾಡೇನೋ, ನಂಗ ತಿಳಿವಲ್ದು. ಕೈ ಸೈ ಮಾಡ್ತು. ಹಾಕೂದು ಬಿಡೂದು ನಿಂದು. ಬಿಟ್ರ ಅವ್ವನ ಗತಿ ಏನಂತ ನೀನೇ ನೋಡು, ನಾ ಹೇಳೂ ಹಕ್ಕಿಲ್ಲ.

ರಿಜಿಸ್ಟರ್ ಮಾಡೇನಿ. ವಿಳಾಸದಾರಳು ಊರಾಗೇ ಇರ್ತಾಳ, ವಾಪಸ್ ಬರೂದಿಲ್ಲ.

ಜೈಭೀಮ


ದೋರನಹಳ್ಳಿ
೧೮ ಫೆಬ್ರವರಿ ೨೦೨೫

ತಮ್ಮ ಜೈಭೀಮನಿಗೆ, ತಾಂಜಾನಿಯಾ,

ಇದು ತಲುಪುವುದಕ್ಕೆ ಎಷ್ಟು ದಿನ ಬೇಕು ಅಂತ ಜಲಾಲುದ್ದೀನ ಸಾಹೇಬರಿಗೂ ಗೊತ್ತಿಲ್ಲ. ದೋರನಹಳ್ಳಿಯಿಂದ ಆ ದೇಶಕ್ಕೆ ಹೋಗುವ ಮೊದಲನೆಯ ಕಾಗದ ಇದೇ ಇರಬೇಕು ಅಂದರು.

ನಿನ್ನ ಚಿತ್ರದ ಕಾರ್ಡು ಡಿಸೆಂಬರಿನಲ್ಲಿ ಬಂತು. ಒಂದು ಕಡೆ ಬೆಟ್ಟ, ಅದರ ತಲೆಯ ಮೇಲೆ ಬಿಳಿ. ಇನ್ನೊಂದು ಕಡೆ ವಿಳಾಸ ಮಾತ್ರ, ಏನೂ ಬರೆದಿರಲಿಲ್ಲ. ಅವ್ವ ಓದಿ ಹೇಳು ಅಂದಳು. ಚೆನ್ನಾಗಿದ್ದೇನೆ, ಊಟ ಹತ್ತಿದೆ, ಭತ್ತ ನಮ್ಮ ಕಡೆಯ ಹಾಗೇ ಇದೆ ಅಂತ ಬರೆದಿದ್ದಾನೆ ಅಂದೆ. ಅವಳು ಇನ್ನೊಂದು ಸಲ ಓದಿಸಿದಳು. ಎರಡನೆಯ ಸಲ ಸ್ವಲ್ಪ ಹೆಚ್ಚಿಗೆ ಓದಿದೆ.

ಖಾಯಂ ಆರ್ಡರು ನವೆಂಬರಿನಲ್ಲಿ ಬಂತು. ಮಾರ್ಚಿನಲ್ಲಿ ನಿನ್ನ ಬಾಂಡು ಬಂದಾಗ ಎರಡು ದಿನ ಇಟ್ಟುಕೊಂಡು ಕೂತಿದ್ದೆ. ಬೇಡ ಅಂದರೆ ಚೀಲ ಮನೆ ಬಿಟ್ಟು ಹೋಗುತ್ತಿತ್ತು. ಹೂಂ ಅಂದರೆ ನಾನು ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ. ಅಷ್ಟರಲ್ಲಿ ಅವ್ವ ಚೀಲಕ್ಕೆ ಹೊಸ ಪಟ್ಟಿ ಹೊಲಿದಿಟ್ಟಳು. ಅವಳ ಕಣ್ಣು ನಿನಗೆ ಗೊತ್ತಲ್ಲ, ಹೊಲಿಗೆಯೆಲ್ಲ ಸೊಟ್ಟ. ಅದನ್ನು ನೋಡಿ ಅರ್ಜಿ ಹಾಕಿದೆ. ಈಗ ಅದೇ ಪಟ್ಟಿ ಹೆಗಲ ಮೇಲಿದೆ. ಊರಿನವರು ಪೋಸ್ಟ್ ಪರಿಮಳಾ ಅನ್ನುತ್ತಾರೆ. ಸುರಪುರದ ಮಾವ ಒಂದು ಗಂಡು ನೋಡಿದ್ದೇನೆ ಅಂದ, ನೌಕರಿ ಇರುವ ಹೆಣ್ಣೇ ಬೇಕಂತೆ ಅವರಿಗೆ. ಬೇಡ ಅಂದೆ.

ಶಾಯಿಸ್ತಾ ಕೇಳುವುದು ಬಿಟ್ಟಿದ್ದಾಳೆ. ಬೇರೆಯವಳು ಬಂದು ಆ ಅಡಿಗೆಮನೆ ನೋಡಿಕೊಳ್ಳುತ್ತಿದ್ದಾಳಂತೆ.

ಆದರೂ ನಾನು ಪಾಸ್‌ಪೋರ್ಟಿಗೆ ಹಾಕಿದೆ. ಒಂದು ಭಾನುವಾರ ಶಾಲೆಯ ಹೆಡ್‌ಮಾಸ್ತರರ ಹತ್ತಿರ ಕೂತು ಅರ್ಜಿ ತುಂಬಿದೆ, ಒಂದು ದಿನ ರಜೆ ಹಾಕಿ ಕಲಬುರಗಿಗೆ ಹೋಗಿ ಬಂದೆ. ಅವ್ವನಿಗೆ ಶಹಾಪುರ ಅಂದೆ. ನೌಕರಿಯಲ್ಲಿರುವುದರಿಂದ ಸಾಹೇಬರಿಗೆ ತಿಳಿಸಬೇಕಿತ್ತು, ತಿಳಿಸಿದೆ. "ಎಲ್ಲಿಗಿ ಹೊಂಟೀಯವ್ವಾ?" ಅಂದರು. "ಎಲ್ಲಿಗೂ ಇಲ್ರಿ" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ ಸೈ ಮಾಡಿದರು.

ಈ ತಿಂಗಳ ಹನ್ನೊಂದನೆಯ ತಾರೀಖು ಬಂತು. ಕಂದು ಲಕೋಟೆ, ನನ್ನ ಹೆಸರು. ವಿಳಾಸದಾರಳು ಊರಲ್ಲೇ ಇದ್ದಳು, ಆದರೂ ಕೊಡಲಾಗಲಿಲ್ಲ. ಚೀಲದಲ್ಲಿಟ್ಟುಕೊಂಡು ದಿನಾ ಊರು, ತಾಂಡಾ, ಕ್ಯಾಂಪು ತಿರುಗಿದೆ. ಬೇರೆಯವರ ಕಾಗದ ತೆಗೆಯುವಾಗೆಲ್ಲ ಕೈಗೆ ಅದೇ ತಗಲುತ್ತಿತ್ತು. ನಿನ್ನದೂ ಹೀಗೇ ತಗಲುತ್ತಿತ್ತು. ಆರನೆಯ ದಿನ ಕ್ಯಾಂಪಿನ ಹಾದಿಯಲ್ಲಿ ಕಾಲುವೆಯ ದಂಡೆಗೆ ಕೂತುಕೊಂಡು ಅತ್ತೆ. ಅಪ್ಪನಿಗಾಗಿ ಅತ್ತೆನೋ, ನಿನಗೋ, ಗೊತ್ತಾಗಲಿಲ್ಲ. ಎಮ್ಮೆ ಮೇಯಿಸುವ ಮುದುಕಿ "ಯಾಕವ್ವಾ, ಯಾರ ಸುದ್ದಿ ಬಂತು?" ಅಂತ ಕೇಳಿದಳು. ನಂದೇ ಬಂದದ ಅಂದೆ.

ಇವತ್ತು ಏಳನೆಯ ದಿನ. ಬೆಳಿಗ್ಗೆ ತಾರೀಖು ತಿರುವಿ, ಲಕೋಟೆ ಮೇಜಿನ ಮೇಲಿಟ್ಟು, ಪೋಸ್ಟ್ ಆಫೀಸಿನ ಚಾವಡಿಯಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು, ಕೊಟ್ಟವರ ಸೈ ಅಂತ ಇದ್ದಲ್ಲಿ ಸೈ ಮಾಡಿದೆ. ತೆಗೆದುಕೊಂಡವರ ಸೈ ಅಂತ ಇದ್ದಲ್ಲೂ ಮಾಡಿದೆ. ಎರಡೂ ಒಂದೇ ತರಹ ಬಂದವು.

ಫೋಟೋದಲ್ಲಿ ಅಪ್ಪನ ಹಾಗೆ ಕಾಣುತ್ತೇನೆ. ಉಳಿದ ಹಾಳೆಗಳೆಲ್ಲ ಖಾಲಿ. ಚೀಲದ ಒಳಜೇಬಿನಲ್ಲಿ, ಕೆಂಪು ಪೆನ್ನಿನ ಪಕ್ಕ ಇಟ್ಟಿದ್ದೇನೆ. ಹತ್ತು ವರ್ಷ ನಡೆಯುತ್ತದಂತೆ.

ಊರಲ್ಲೇ ಇರುವ,
ನಿನ್ನ ಅಕ್ಕ ಪರಿಮಳಾ